ರೆಕ್ಕೆಯ ಗಂಟು

ಬದುಕಿದ್ದ ಅಜ್ಜನನ್ನು ನಾನು ಸತ್ತನೆಂದು ಹೇಳಿದೆ. ಹೇಳಿದ್ದು ಒಬ್ಬ ಹಿರಿಯರಿಗೆ, ಕೊಟ್ಟೂರಿನ ನಮ್ಮ ಮನೆಯ ಬಾಗಿಲಲ್ಲಿ ನಿಂತು, ಹಾಡಹಗಲಲ್ಲಿ. ಆ ಹೊತ್ತಿಗೆ ಅಜ್ಜ ಎರಡು ಓಣಿ ಆಚೆ ಮಸೀದಿಯಲ್ಲಿ ಶುಕ್ರವಾರದ ನಮಾಜಿಗೆ ಕೂತಿದ್ದ. ಬಂದವರು ಅಜ್ಜನಿಗೆಂದು ಒಂದು ಮಾತು ತಂದಿದ್ದರು — ಅರ್ಧ ಆಯುಷ್ಯ ಅವನು ಕಾದಿದ್ದ ಮಾತು, ಬರುತ್ತದೆಂಬ ಆಸೆಯನ್ನೇ ಬಿಟ್ಟಿದ್ದ ಮಾತು. ಅದನ್ನು ನಾನು ಅವನಿಗೆ ಮುಟ್ಟಿಸಲಿಲ್ಲ. ಅಂದೂ ಇಲ್ಲ, ಆಮೇಲೂ ಇಲ್ಲ.

ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದೆ. ಊರಿನವರ ತಪ್ಪನ್ನೆಲ್ಲ ಕಟ್ಟೆಯ ಮೇಲೆ ಕೂತು ಸಲೀಸಾಗಿ ಎಣಿಸುವ ಬಾಯಿ ನನ್ನದು. ನನ್ನದೇ ಸರದಿ ಬಂದಾಗ ನೀರಿನ ನೆಪ ಬೇಕಾಗುತ್ತದೆ. ಇರಲಿ.

ನನ್ನ ಹೆಸರು ಮಾಬುಬಿ. ನಾವು ಪಿಂಜಾರರು, ಅರಳೆ ಹಿಂಜಿ ಗಾದಿ ಹೊಲಿಯುವುದು ನಮ್ಮ ಮನೆತನದ ಕಸುಬು. ಈಗ ಹರಪನಹಳ್ಳಿಯಲ್ಲಿ ಮಗನ ಜೊತೆ ಇದ್ದೇನೆ. ಅವನೂ ಗಾದಿಯನ್ನೇ ಮಾರುತ್ತಾನೆ, ಆದರೆ ಪ್ಲಾಸ್ಟಿಕ್ ಸುತ್ತಿಕೊಂಡು ಲಾರಿಯಲ್ಲಿ ಬರುವ ಸ್ಪಂಜಿನ ಗಾದಿ. ಅದರಲ್ಲಿ ಹುಡುಕಿದರೂ ಒಂದು ಗಂಟು ಸಿಕ್ಕುವುದಿಲ್ಲ. ನಾನು ಅದರ ಮೇಲೆ ಮಲಗುವುದಿಲ್ಲ ಎಂದರೆ ಅವನಿಗೆ ಸಿಟ್ಟು. ಮನೆಯವರೇ ಹೀಗಂದರೆ ಗಿರಾಕಿ ಬರುತ್ತಾನೇನು ಎಂದು ಗೊಣಗುತ್ತಾನೆ.

ಗಂಟಿನ ವಿಷಯ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ನಾನು ಮಾಡಿದ್ದು ಎಂಥದೆಂದು ನಿಮಗೆ ತಿಳಿಯುವುದಿಲ್ಲ. ಹತ್ತಿಯ ಗಾದಿಯನ್ನು ಉದ್ದನೆಯ ದಬ್ಬಣದಿಂದ ಮೇಲಿಂದ ಕೆಳಗೆ ಚುಚ್ಚಿ ಅಲ್ಲಲ್ಲಿ ಗಂಟು ಹಾಕುತ್ತಾರೆ, ಒಳಗಿನ ಅರಳೆ ಜಾರಿ ಒಂದೇ ಕಡೆ ಗುಡ್ಡೆಯಾಗಬಾರದೆಂದು. ಆದರೆ ಆ ಗಂಟು ಬಲು ಬಿಗಿಯಾಗಿರಬಾರದು. ಒಂದೆರಡು ವರ್ಷಕ್ಕೆ ಗಾದಿ ಬಿಚ್ಚಿ ಅರಳೆಯನ್ನು ಮತ್ತೆ ಹಿಂಜಬೇಕಲ್ಲ, ಆಗ ಒಂದು ತುದಿ ಹಿಡಿದು ಎಳೆದರೆ ಸರ್ರನೆ ಬಿಚ್ಚಿಕೊಳ್ಳಬೇಕು. ಅದಕ್ಕೆ ಜಾರುಗಂಟು ಎನ್ನುತ್ತೇವೆ. ನಮ್ಮ ಮನೆಯ ಮಕ್ಕಳು ಅಕ್ಷರಕ್ಕಿಂತ ಮೊದಲು ಅದನ್ನು ಕಲಿಯುತ್ತಿದ್ದರು.

ಅಜ್ಜ ಇಮಾಮಸಾಬ ಹರೆಯದಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಸೇನೆಗೆ ಸೇರಿದ. ಬಂದೂಕು ಹಿಡಿಯುವುದಕ್ಕಲ್ಲ, ದಬ್ಬಣ ಹಿಡಿಯುವುದಕ್ಕೆ. ಆಗ ನಮ್ಮ ಕರಾವಳಿ ಕಾಯುತ್ತಿದ್ದ ಯುದ್ಧವಿಮಾನಗಳಿಗೆ ಎರಡಂತಸ್ತಿನ ರೆಕ್ಕೆ ಇರುತ್ತಿತ್ತಂತೆ — ಮೇಲೊಂದು ಜೋಡಿ, ಕೆಳಗೊಂದು ಜೋಡಿ, ನಡುವೆ ಕಂಬ ಮತ್ತು ತಂತಿ. ರೆಕ್ಕೆಯೆಂದರೆ ತಗಡಲ್ಲ, ಪಕ್ಕೆಲುಬಿನಂಥ ಪಟ್ಟಿಗಳ ಮೇಲೆ ಎಳೆದು ಹೊಲಿದ ಬಟ್ಟೆ. ಬಟ್ಟೆಯ ರೆಕ್ಕೆ ಕಟ್ಟಿಕೊಂಡು ಮನುಷ್ಯರು ಯುದ್ಧಕ್ಕೆ ಹೋಗುತ್ತಿದ್ದರು ಎಂದರೆ ನಾನು ಚಿಕ್ಕವಳಿದ್ದಾಗ ನಂಬುತ್ತಿರಲಿಲ್ಲ. ಅಜ್ಜ ಸುಳ್ಳು ಹೇಳುವವನಲ್ಲ ಎಂದು ಗೊತ್ತಿದ್ದರಿಂದ ನಂಬಿದೆ.

ಆ ಬಟ್ಟೆ ಹೊಲಿಯುವ ರೀತಿ ಹೆಚ್ಚುಕಡಿಮೆ ಗಾದಿಯದೇ. ರೆಕ್ಕೆಯ ಒಂದು ಮಗ್ಗುಲಿಗೆ ಒಬ್ಬ, ಇನ್ನೊಂದು ಮಗ್ಗುಲಿಗೆ ಒಬ್ಬ. ಇವನು ಚುಚ್ಚಿದ ದಬ್ಬಣವನ್ನು ಅವನು ಎಳೆದು ಮತ್ತೆ ಇತ್ತ ಚುಚ್ಚಬೇಕು. ನಡುವೆ ರೆಕ್ಕೆ ಇರುವುದರಿಂದ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಗಂಟು ಬೀಳುವುದು ಒಂದೇ ಮಗ್ಗುಲಿಗೆ, ಅಂದರೆ ಅಜ್ಜನ ಕಡೆ. ಅದು ಮಾತ್ರ ಗಾದಿಯ ಗಂಟಲ್ಲ. ಯಾವ ತುದಿ ಎಳೆದರೂ ಬಿಡಬಾರದು, ಬಿಗಿಗಂಟಾಗಿರಬೇಕು. ಹೊಲಿಗೆ ಮುಗಿದ ಮೇಲೆ ಗಂಟಿನ ಸಾಲಿನ ಮೇಲೆ ಪಟ್ಟಿ ಅಂಟಿಸಿ, ಬಾಳೆಹಣ್ಣಿನ ವಾಸನೆಯ ಒಂದು ಬಣ್ಣ ಬಳಿಯುತ್ತಿದ್ದರು. ಒಣಗಿದರೆ ಬಟ್ಟೆ ಬಾರಿಸುವ ಹಲಗೆಯ ಚರ್ಮದ ಹಾಗೆ ಬಿಗಿಯುತ್ತಿತ್ತು. ಒಳಗಿರುವುದು ಯಾವ ಗಂಟು ಎಂದು ಆಮೇಲೆ ಯಾರೂ ನೋಡುವಂತಿರಲಿಲ್ಲ.

ಅಜ್ಜನ ಎದುರು ಮಗ್ಗುಲಿಗೆ ಕೂರುತ್ತಿದ್ದವರು ಆದೋನಿ ಕಡೆಯ ಓಬುಳಪ್ಪ. ಇವರಿಬ್ಬರು ನೋಡಿಕೊಳ್ಳುತ್ತಿದ್ದ ವಿಮಾನವನ್ನು ಹಾರಿಸುತ್ತಿದ್ದವನು ಪಂಜಾಬಿನ ಕಡೆಯ ಒಬ್ಬ ಹುಡುಗ. ಅಜ್ಜ ಅವನನ್ನು ಸಣ್ಣ ಸಾಹೇಬ ಎನ್ನುತ್ತಿದ್ದ. ಮೀಸೆ ಇನ್ನೂ ನೆಟ್ಟಗೆ ಬಂದಿರಲಿಲ್ಲವಂತೆ. ಸಮುದ್ರದ ಮೇಲೆ ಹಾರಿ, ಶತ್ರುಗಳ ಹಡಗು ಬರುತ್ತಿದೆಯೇ ಎಂದು ನೋಡಿಕೊಂಡು ಬರುವುದು ಅವನ ಕೆಲಸ. ಇಳಿದು ಬಂದು ದಪ್ಪ ಕನ್ನಡಕ ತೆಗೆದರೆ ಕಣ್ಣಿನ ಸುತ್ತ ಮಾತ್ರ ಬಿಳಿ, ಮಿಕ್ಕ ಮುಖವೆಲ್ಲ ಎಣ್ಣೆಮಸಿ. ಅವನನ್ನು ನೋಡಿ ಇಬ್ಬರೂ ನಗುತ್ತಿದ್ದರಂತೆ, ಅವನೂ ನಗುತ್ತಿದ್ದನಂತೆ. ಅಜ್ಜನಿಂದ ಎರಡೇ ಎರಡು ಪದ ಕನ್ನಡ ಕಲಿತಿದ್ದ. ಹಾರುವ ಮುಂಚೆ ರೆಕ್ಕೆ ತಟ್ಟಿ ಕೇಳುತ್ತಿದ್ದ:

“ಗಟ್ಟಿ ಐತಾ?”

“ಗಟ್ಟಿ ಐತ್ರಿ, ಸಾಹೇಬ್ರ,” ಎಂದು ಅಜ್ಜ ಹೇಳಬೇಕು. ಹಾಗೆ ಹೇಳದೆ ಅವನು ಹತ್ತುತ್ತಲೇ ಇರಲಿಲ್ಲವಂತೆ.

ಒಮ್ಮೆ ಅಜ್ಜ ತಂಗಿಯ ಲಗ್ನಕ್ಕೆಂದು ರಜೆ ಹಾಕಿ ಕೊಟ್ಟೂರಿಗೆ ಬಂದ. ಲಗ್ನದ ಮನೆ, ಕೈಯಾಳು ಕಡಿಮೆ. ರಜೆ ಮುಗಿಯುವವರೆಗೂ ಕೂತು ಗಾದಿ ಹೊಲಿದ. ಹಿಂತಿರುಗಿದ ಮರುದಿನ ಬೆಳಿಗ್ಗೆಯೇ ಕೆಳಗಿನ ರೆಕ್ಕೆಯಲ್ಲಿ ಒಂದು ಹರಕು ಕಂಡಿತು. ಸಣ್ಣ ಸಾಹೇಬನಿಗೆ ಹೊರಡುವ ಅವಸರ. ಹಿಂದಿನ ಸೀಟಿನಲ್ಲಿ ಕೂರಬೇಕಾದವನಿಗೆ ಜ್ವರ ಬಂದಿತ್ತು, ಹಾಗಾಗಿ ಒಬ್ಬನೇ ಹೊರಟಿದ್ದ. ಅಜ್ಜ, ಓಬುಳಪ್ಪ ಅವಸರವಸರವಾಗಿ ಹೊಲಿದರು, ಪಟ್ಟಿ ಅಂಟಿಸಿದರು, ಬಣ್ಣ ಬಳಿದರು. ಗಟ್ಟಿ ಐತಾ ಎಂದು ಅವನು ಕೇಳಿದ. ಗಟ್ಟಿ ಐತ್ರಿ ಎಂದು ಅಜ್ಜ ಹೇಳಿದ. ವಿಮಾನ ಸಮುದ್ರದ ಕಡೆ ಹೋಯಿತು. ತಿರುಗಿ ಬರಲಿಲ್ಲ.

ಅಂದು ಸಂಜೆ ಅಜ್ಜನ ತಲೆಯೊಳಗೆ ಒಂದು ಪ್ರಶ್ನೆ ಹೊಕ್ಕಿತು — ನನ್ನ ಕೈ ಹಾಕಿದ್ದು ಯಾವ ಗಂಟು? ರೆಕ್ಕೆಯದೋ, ಗಾದಿಯದೋ? ರಜೆಯುದ್ದಕ್ಕೂ ಜಾರುಗಂಟು ಹಾಕಿದ್ದ ಕೈ ಅದು. ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಓಬುಳಪ್ಪನವರನ್ನು ಕೇಳಿದರೆ ಅವರು ಪಾಪ ಇನ್ನೊಂದು ಮಗ್ಗುಲಿಗಿದ್ದವರು, ಅವರಿಗೇನು ಕಾಣಬೇಕು? ಅಜ್ಜ ಊಟ ಬಿಟ್ಟ, ಹಾಸಿಗೆ ಹಿಡಿದ. ಕೆಲಸಕ್ಕೆ ಬಾರದವನೆಂದು ಸೇನೆಯವರು ಊರಿಗೆ ಕಳಿಸಿಬಿಟ್ಟರು.

ನಾನು ಕಂಡ ಅಜ್ಜ ಹೀಗೆ ಬಂದವನು. ಸೌಮ್ಯ ಮನುಷ್ಯ, ತಮಾಷೆಯವನು, ಮಕ್ಕಳ ಮೇಲೆ ಪ್ರಾಣ. ಆದರೆ ಗಾದಿಗೂ ಬಿಗಿಗಂಟನ್ನೇ ಹಾಕುತ್ತಿದ್ದ. ಕೂಡ್ಲಿಗಿಯಿಂದ ಹಡಗಲಿಯವರೆಗೆ ನಮ್ಮ ಗಾದಿಯನ್ನು ಹಿಂಜಲು ತೆಗೆದುಕೊಂಡವರು ಅವನಿಗೆ ಬಯ್ಯದೆ ಇರುತ್ತಿರಲಿಲ್ಲ. ಕತ್ತರಿ ಹಾಕದೆ ಒಂದು ಗಂಟೂ ಬಿಡುತ್ತಿರಲಿಲ್ಲ. ಮನೆಯೊಳಗೆ ಬಾಳೆಹಣ್ಣು ತರುವಂತಿರಲಿಲ್ಲ, ಆ ವಾಸನೆಗೆ ಅವನು ಎದ್ದು ಹೊರಗೆ ಹೋಗುತ್ತಿದ್ದ. ನನಗೆ ಹೊಲಿಗೆ ಕಲಿಸುವಾಗ ಕೆಲಸ ನಿಲ್ಲಿಸಿ ಒಮ್ಮೊಮ್ಮೆ ಹೇಳುತ್ತಿದ್ದ:

“ಲೇ ಮಾಬೂ, ಕೈಗೆ ಬುದ್ಧಿ ಇರಂಗಿಲ್ಲವ್ವಾ, ಬರೇ ರೂಢಿ ಇರತೈತಿ. ಅವತ್ತು ನನ್ನ ಕೈ ಯಾವ ಗಂಟು ಹಾಕೇತೋ ಏನೋ…”

ಉತ್ತರಕ್ಕೆಂದು ಕೇಳುತ್ತಿದ್ದ ಪ್ರಶ್ನೆಯಲ್ಲ ಅದು. ಆದರೂ ಹೇಳಿದ ಮೇಲೆ ನನ್ನ ಮುಖವನ್ನೇ ನೋಡುತ್ತಿದ್ದ.

ಬಾಂಗ್ಲಾ ಯುದ್ಧ ನಡೆದಾಗ ರೇಡಿಯೋದಲ್ಲಿ ದಿನವೂ ವಿಮಾನದ ಸುದ್ದಿ. ಅಜ್ಜ ಮತ್ತೆ ಊಟ ಬಿಟ್ಟ. ಗೋಡೆಗೆ ಮುಖ ಮಾಡಿ ಮಲಗಿದವನು ಏಳಲೇ ಇಲ್ಲ. ನನ್ನ ಅಕ್ಕನನ್ನು ನೋಡಲು ಬಂದಿದ್ದ ಗಂಡಿನ ಕಡೆಯವರು ಅವನ ಸ್ಥಿತಿ ಕಂಡು, ಮನೆತನದಲ್ಲಿ ಹುಚ್ಚು ಇದೆ ಎಂದುಕೊಂಡು ಎದ್ದು ಹೋದರು. ಅಕ್ಕ ಅತ್ತಿದ್ದು ನನಗೆ ಇನ್ನೂ ನೆನಪಿದೆ. ಅಂದಿನಿಂದ ಅಜ್ಜಿ ಕಟ್ಟುನಿಟ್ಟು ಮಾಡಿದಳು — ಈ ಮನೆಯಲ್ಲಿ ಯಾರೂ ಯುದ್ಧದ ಮಾತು ಎತ್ತಕೂಡದು. ಆ ಕಾಲದವರು ಯಾರಾದರೂ ಹುಡುಕಿಕೊಂಡು ಬಂದರೆ ಬಾಗಿಲಲ್ಲೇ ಕಳಿಸಬೇಕು.

ಅಜ್ಜಿಯ ಹೆಸರು ಹೇಳಿ ತಪ್ಪಿಸಿಕೊಳ್ಳುತ್ತಿದ್ದೇನೆ ಎಂದುಕೊಳ್ಳಬೇಡಿ. ಕಳಿಸು ಎಂದಿದ್ದಳು ಅವಳು. ಕೊಲ್ಲು ಎಂದಿರಲಿಲ್ಲ.

ಅದಾಗಿ ಕೆಲವು ವರ್ಷಕ್ಕೆ ನನ್ನ ಲಗ್ನ ಗೊತ್ತಾಯಿತು. ಹರಪನಹಳ್ಳಿಯ ಹುಡುಗ, ಒಳ್ಳೆಯ ಜನ, ನನಗೆ ಮನಸ್ಸಿತ್ತು. ಮನಸ್ಸಿತ್ತು ಎಂದರೆ — ಈ ವಯಸ್ಸಿನಲ್ಲಿ ನಾಚಿಕೆ ಯಾಕೆ — ಹಗಲೂ ಅವನದೇ ಕನಸು. ಲಗ್ನ ಹತ್ತಿರ ಬಂದಿತ್ತು. ಅಜ್ಜ ನನಗೆಂದು ಕೌದಿ ಹೊಲಿಯುತ್ತಿದ್ದ. ಕೌದಿ ಹೊಲಿಯುವುದು ಹೆಣ್ಣುಮಕ್ಕಳ ಕೆಲಸ ಎಂದು ಅಜ್ಜಿ ಎಷ್ಟು ಹಂಗಿಸಿದರೂ ಕೇಳಲಿಲ್ಲ. ಅಜ್ಜಿಯ ಹಳೆಯ ಸೀರೆ, ಅಪ್ಪನ ಲುಂಗಿ, ನನ್ನ ಸಣ್ಣಂದಿನ ಲಂಗ, ತನ್ನದೇ ಒಂದು ಅಂಗಿ — ಎಲ್ಲ ಜೋಡಿಸಿಕೊಂಡು ದಿನವೂ ಒಂದಿಷ್ಟು ಹೊಲಿಯುತ್ತಿದ್ದ. ಮೊಮ್ಮಗಳು ಹೋಗುತ್ತಾಳೆಂಬ ದುಃಖ ಮರೆಯಲು ಹೊಲಿಯುತ್ತಿದ್ದನೋ ಏನೋ, ಕೇಳಿದರೆ ನಗುತ್ತಿದ್ದ.

ಆ ಶುಕ್ರವಾರ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಅಜ್ಜಿ, ಅವ್ವ ಬಳೆ ಕೊಳ್ಳಲು ಹೋಗಿದ್ದರು. ಬಾಗಿಲಲ್ಲಿ ಒಬ್ಬ ತೆಳ್ಳನೆಯ ಹಿರಿಯರು ಬಂದು ನಿಂತರು, ಕಂಕುಳಲ್ಲಿ ಬಟ್ಟೆಯ ಚೀಲ.

“ಪಿಂಜಾರ ಇಮಾಮಸಾಬ್ರ ಮನಿ ಇದೇ ಏನಮ್ಮಾ? ನಾನು ಓಬುಳಪ್ಪ ಅಂತ. ಆದೋನಿ ಕಡಿಯಾಂವ. ಅವರನ್ನ ನೋಡಬೇಕಾಗಿತ್ತು.”

ಆ ಹೆಸರು ನನಗೆ ಗೊತ್ತಿತ್ತು. ಅಜ್ಜ ಇವರನ್ನು ಕಂಡರೆ ಮತ್ತೆ ಗೋಡೆಗೆ ಮುಖ ಮಾಡುತ್ತಾನೆ. ಲಗ್ನ ಮುಂದೆ ಹೋಗುತ್ತದೆ. ಅಕ್ಕನಿಗಾದದ್ದೇ ನನಗೂ —

“ಅಜ್ಜ ಇಲ್ರಿ,” ಎಂದೆ.

“ಎಲ್ಲಿಗೆ ಹೋಗ್ಯಾರಮ್ಮಾ? ಬರೂತನಕ ಕುಂದರ್ತೀನಿ ಬಿಡು.”

ಇಲ್ಲಿಯವರೆಗೂ ನಾನು ಸುಳ್ಳು ಹೇಳಿರಲಿಲ್ಲ. ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅವರು ಆಗಲೇ ಕಟ್ಟೆಯ ಮೇಲೆ ಚೀಲ ಇಟ್ಟಿದ್ದರು, ನಮಾಜು ಮುಗಿಯುವ ಹೊತ್ತಾಗಿತ್ತು.

“ತೀರ್ಕೊಂಡ್ರು,” ಎಂದುಬಿಟ್ಟೆ.

ಅವರು ಕಟ್ಟೆಯ ಮೇಲೆ ಕುಸಿದು ಕೂತರು. ನಾನು ಚೊಂಬಿನಲ್ಲಿ ನೀರು ತಂದುಕೊಟ್ಟೆ. ಅದನ್ನು ಕುಡಿಯದೆ ಪಕ್ಕಕ್ಕಿಟ್ಟರು. ಆಮೇಲೆ, ಯಾರಿಗಾದರೂ ಹೇಳಲೇಬೇಕು ಎನ್ನುವಂತೆ, ನನಗೇ ಹೇಳಿದರು.

“ನಿಮ್ಮಜ್ಜ ಊರಿಗೆ ಹೋದ ಮ್ಯಾಲೆ ಆ ವಿಮಾನ ಸಿಕ್ತಮ್ಮಾ. ಬೆಸ್ತರು ತೋರಿಸಿದ್ರು, ಹಿನ್ನೀರಿನಾಗ ಬಿದ್ದಿತ್ತು. ಎಂಜಿನ್ನು ಸುಟ್ಟು ಕರ್ರಗಾಗಿತ್ತು. ಹುಡುಗ ಅದರಾಗ ಇದ್ದ. ರೆಕ್ಕಿ ಮಾತ್ರ ಹಂಗ ಇತ್ತು ನೋಡು. ನಾವು ಹೊಲ್ದ ಜಾಗ ಒಂದು ಎಳಿ ಬಿಟ್ಟಿರಲಿಲ್ಲ. ಇಮಾಮಸಾಬ್ರು ಹೋಗೂಮುಂದ ಅದೊಂದ ಕೇಳ್ತಿದ್ರು — ಯಾವ ಗಂಟು, ಯಾವ ಗಂಟು ಅಂತ. ಅದಕ್ಕ ನಾನು ಆ ತುಂಡು ಕೊಯ್ಕೊಂಡು, ಪಟ್ಟಿ ಕಿತ್ತು ನೋಡೀನಿ. ಎಲ್ಲಾ ಬಿಗಿಗಂಟಮ್ಮಾ. ಒಂದೂ ತಪ್ಪಿಲ್ಲ.”

ಚೀಲದಿಂದ ತೆಗೆದು ನನ್ನ ಕೈಗಿಟ್ಟರು. ಅಂಗೈಯಗಲದ ಬೆಳ್ಳಿಬಣ್ಣದ ಬಟ್ಟೆ, ಹಪ್ಪಳದಂತೆ ಪೆಡಸು, ಅಂಚಿನಲ್ಲಿ ಉಪ್ಪುನೀರಿನ ಕಲೆ. ನಡುವೆ ಮೇಣದ ದಾರದ ಹೊಲಿಗೆ, ಒಂದರ ಪಕ್ಕ ಒಂದು ಗಂಟು. ನನಗೆ ಎರಡೂ ಗಂಟು ಕಲಿಸಿದ್ದು ಅಜ್ಜನೇ. ನೋಡಿದ ಕೂಡಲೇ ತಿಳಿಯಿತು.

ಯುದ್ಧದಲ್ಲಿ ಓಬುಳಪ್ಪನವರನ್ನು ಬರ್ಮಾ ಕಡೆ ಕಳಿಸಿದ್ದರಂತೆ. ಆಮೇಲೆ ಸಂಸಾರ, ತಾಪತ್ರಯ; ಅಜ್ಜನ ಊರು ಬಳ್ಳಾರಿ ಸೀಮೆ ಎಂಬುದಷ್ಟೇ ಅವರಿಗೆ ಗೊತ್ತಿದ್ದದ್ದು. ಮಗಳನ್ನು ಕೂಡ್ಲಿಗಿಗೆ ಕೊಟ್ಟಿದ್ದರು. ಅವಳ ಮನೆಗೆ ಬಂದಿದ್ದಾಗ ಗಾದಿ ಹಿಂಜುವವನೊಬ್ಬ ಅಂಗಳದಲ್ಲಿ ಕೂತು, ಈ ಕೊಟ್ಟೂರಿನ ಇಮಾಮಸಾಬನ ಗಂಟು ಬಿಚ್ಚುವುದು ಯಾರಪ್ಪನಿಂದಲೂ ಆಗುವುದಿಲ್ಲ ಎಂದು ಬಯ್ಯುತ್ತಿದ್ದ.

“ಹೋಗಿ ನೋಡ್ತೀನಿ, ರೆಕ್ಕಿ ಗಂಟಮ್ಮಾ! ಗಾದಿಗೆ ರೆಕ್ಕಿ ಗಂಟು ಹಾಕಾಂವ ಅವನೊಬ್ಬನ ಇರಬೇಕು ಅಂದ್ಕೊಂಡೆ. ಆದೋನಿಗೆ ಹೋಗಿ, ಟ್ರಂಕಿನಾಗಿಂದ ಇದನ್ನ ತೊಗೊಂಡ ಬಂದೀನಿ. ಸ್ವಲ್ಪ ತಡಾ ಮಾಡಿಬಿಟ್ಟೆ.”

ಹಾಗೆ ಹೇಳಿ ಅತ್ತರು. ದೊಡ್ಡ ಮನುಷ್ಯರು ಹಾಗೆ ಅಳುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ತಡವಾಗಿರಲಿಲ್ಲ ಎಂದು ಗೊತ್ತಿದ್ದವಳು ಎದುರಿಗೇ ನಿಂತಿದ್ದೆ. ಆಗಲೂ ಹೇಳಬಹುದಿತ್ತು. ಸುಳ್ಳು ಹೇಳಿದೆನ್ರಿ, ಕ್ಷಮಿಸಿ ಎಂದರೆ ಬಯ್ಯುತ್ತಿದ್ದರು, ಇಲ್ಲವೇ ನಗುತ್ತಿದ್ದರು. ಈಗ ಅವರು ತಂದಿರುವುದು ಅಜ್ಜನನ್ನು ಕೆಡಿಸುವ ಸುದ್ದಿಯಲ್ಲ, ಉಳಿಸುವ ಸುದ್ದಿ ಎಂದೂ ಗೊತ್ತಾಗಿತ್ತು. ಅಂದರೆ ಅಜ್ಜನ ಆರೋಗ್ಯದ ನೆಪವೂ ನನಗೆ ಉಳಿದಿರಲಿಲ್ಲ. ಉಳಿದಿದ್ದು ನಾಚಿಕೆಯೊಂದೇ — ಬದುಕಿರುವ ಅಜ್ಜನನ್ನು ಸಾಯಿಸಿದ ಹುಡುಗಿ ಎಂದು ಊರು ಆಡಿಕೊಳ್ಳುತ್ತದೆ, ಹರಪನಹಳ್ಳಿಗೂ ಸುದ್ದಿ ಮುಟ್ಟುತ್ತದೆ. ಆ ನಾಚಿಕೆಗೆ ನಾನು ಅಜ್ಜನನ್ನು ಮಾರಿದೆ.

ಮಣ್ಣು ಮಾಡಿದ ಜಾಗ ತೋರಿಸು ಎಂದರು. ಒಂದು ಹಿಡಿ ಹೂವು ಹಾಕಿ, ನಾನೇ ಬಾಯಾರೆ ಹೇಳಿ ಹೋಗುತ್ತೇನೆ ಎಂದರು. ನಾನು ಹೊಳಲಿನ ಹೆಸರು ಹೇಳಿದೆ — ಹಡಗಲಿಯಿಂದಾಚೆಯ ಊರು, ಅಜ್ಜನ ತಾಯಿಯ ತವರು. ಅಷ್ಟು ದೂರ ಯಾರು ಹೋಗುತ್ತಾರೆ ಎಂದು. ಆಮೇಲೆ, ಬಸ್‌ಸ್ಟ್ಯಾಂಡಿಗೆ ಹತ್ತಿರದ ದಾರಿ ಎಂದು ಹೇಳಿ ಮಸೀದಿಯ ಓಣಿ ತಪ್ಪಿಸಿ ಹಿಂದಿನ ಸಂದಿಯಲ್ಲಿ ಕಳಿಸಿದೆ. ಹೋಗುವಾಗ ಆ ತುಂಡನ್ನು ನನ್ನ ಕೈಯಲ್ಲೇ ಬಿಟ್ಟು, ನನ್ನ ತಲೆಯ ಮೇಲೆ ಕೈಯಿಟ್ಟರು.

ಅವರು ತಿರುವಿನಲ್ಲಿ ಮರೆಯಾಗುತ್ತಿದ್ದಂತೆ ಇತ್ತ ಅಜ್ಜ ಬಂದ. ಕಟ್ಟೆಯ ಮೇಲಿನ ಚೊಂಬು ನೋಡಿ, “ಯಾರರೆ ಬಂದಿದ್ರೇನವ್ವಾ?” ಎಂದ. ಯಾರೋ ದಾರಿಹೋಕರು ನೀರು ಕೇಳಿದರು ಎಂದೆ. ನೀರು ಕೊಟ್ಟೆಯಲ್ಲ, ಒಳ್ಳೆಯದು ಮಾಡಿದೆ ಎಂದು ಒಳಗೆ ಹೋದ.

ಆ ತುಂಡನ್ನು ಸುಡಲು ಮನಸ್ಸು ಬರಲಿಲ್ಲ. ಎಲ್ಲಿಟ್ಟರೂ ಯಾರಾದರೂ ನೋಡುವ ಭಯ. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು — ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ಒಣರೊಟ್ಟಿ ಇಡಬೇಕು, ಕೌದಿ ಹಸಿದಿರಬಾರದು ಎಂದು. ಯಾರಿಗೆ ಕೌದಿಯೋ ಅವರೇ ಇಡಬೇಕು. ಅಜ್ಜ ಕೌದಿ ಮುಗಿಸಿ, ಇಡವ್ವಾ ಎಂದು ಮೂಲೆ ತೆರೆದು ಹಿಡಿದಾಗ ನಾನು ರೊಟ್ಟಿಯ ಬದಲು ಆ ತುಂಡನ್ನು ಅಂಗೈಯಲ್ಲಿ ಮರೆಮಾಡಿ ಒಳಗೆ ತಳ್ಳಿದೆ. ಅಜ್ಜ ಮೂಲೆ ಒತ್ತಿ ನೋಡಿದ.

“ಏನವ್ವಾ ಇದು, ಇಷ್ಟು ಪೆಡಸು?”

“ರೊಟ್ಟಿ, ಅಜ್ಜ.”

“ಗಂಡನ ಮನ್ಯಾಗ ಹಿಂಥಾ ರೊಟ್ಟಿ ಬಡದ್ರ ಆ ಮಂದಿ ಹಲ್ಲು ಉಳಿಯಂಗಿಲ್ಲ ನೋಡು,” ಎಂದು ನಕ್ಕು, ತನ್ನ ಕೈಯಿಂದಲೇ ಆ ಮೂಲೆ ಹೊಲಿದ. ಬಿಗಿಗಂಟು ಹಾಕಿದ. ಎರಡು ಸಲ ಎಳೆದು ನೋಡಿದ. ನಾನೂ ನಕ್ಕೆ. ಹೌದು, ನಕ್ಕೆ.

ಲಗ್ನ ಚೆನ್ನಾಗಿಯೇ ಆಯಿತು. ಅಜ್ಜ ಆಗಾಗ ಹರಪನಹಳ್ಳಿಗೆ ಬರುತ್ತಿದ್ದ, ಬಂದಾಗಲೆಲ್ಲ ಕೌದಿಯ ಗಂಟುಗಳನ್ನು ಮುಟ್ಟಿ ನೋಡಿ ಆಮೇಲೆಯೇ ನನ್ನ ಮಗುವನ್ನು ಅದರ ಮೇಲೆ ಮಲಗಿಸುತ್ತಿದ್ದ. ಈ ಸಲ ಹೇಳುತ್ತೇನೆ, ಈ ಸಲ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಅವನು ಬಸ್ಸು ಹತ್ತಿದ ಮೇಲೆ, ಮುಂದಿನ ಸಲ ಎಂದುಕೊಳ್ಳುತ್ತಿದ್ದೆ.

ಒಮ್ಮೆ ಒಂದು ಉಪಾಯ ಹೊಳೆಯಿತು. ಓಬುಳಪ್ಪನವರನ್ನೇ ಹುಡುಕಿ, ಕಾಲು ಹಿಡಿದು, ಮೊದಲ ಸಲ ಬಂದವರಂತೆ ಬನ್ನಿ ಎಂದು ಬೇಡಿಕೊಂಡರೆ? ಅಜ್ಜನಿಗೆ ನಿಜವೂ ಸಿಗುತ್ತದೆ, ನನ್ನ ಮಾನವೂ ಉಳಿಯುತ್ತದೆ. ಆಗಲೂ ನನ್ನ ಮಾನದ ಲೆಕ್ಕ ಬಿಟ್ಟಿರಲಿಲ್ಲ ನೋಡಿ. ಕೂಡ್ಲಿಗಿಗೆ ಹೋಗಿ ಅವರ ಮಗಳ ಮನೆ ಪತ್ತೆ ಮಾಡಿದೆ. ಅವರು ಹಿಂದಿನ ವರ್ಷವೇ ತೀರಿಕೊಂಡಿದ್ದರು. ನಾನು ಯಾರೆಂದು ತಿಳಿದು ಆಕೆ ಕೈ ಹಿಡಿದುಕೊಂಡಳು.

“ನಮ್ಮಪ್ಪ ಹೊಳಲಿಗೆ ಹೋಗಿ ಬಂದ್ರಮ್ಮಾ. ಇಮಾಮಸಾಬ್ರ ಸಮಾಧಿ ಯಾವುದಂತ ಕೇಳಿದ್ರ ಅಲ್ಲಿ ಮಂದಿ ತೋರಿಸಿದ್ರಂತ. ಹೂವು ಹಾಕಿ, ಗಂಟು ಗಟ್ಟಿ ಇತ್ತು ಅಂತ ಹೇಳಿ ಬಂದೆ, ಇನ್ನ ನನಗ ಸಮಾಧಾನ ಅಂತಿದ್ರು.”

ಇಮಾಮಸಾಬ ಎಂಬ ಹೆಸರಿನವರು ಊರಿಗೊಬ್ಬರು ಇರುತ್ತಾರೆ. ಹೊಳಲಿನಲ್ಲಿ ಯಾವ ಇಮಾಮಸಾಬನೋ, ಜೀವಮಾನದಲ್ಲಿ ವಿಮಾನ ನೋಡಿದ್ದನೋ ಇಲ್ಲವೋ, ಅವನಿಗೆ ನನ್ನ ಅಜ್ಜನ ಮಾತು ಸಂದಿತ್ತು. ಆಕೆ ಕೊಟ್ಟ ಚಹಾವನ್ನು ಕುಡಿಯದೆ ಪಕ್ಕಕ್ಕಿಟ್ಟು ಎದ್ದೆ.

ಅಜ್ಜ ಹಾಸಿಗೆ ಹಿಡಿದನೆಂದು ಸುದ್ದಿ ಬಂದಾಗ ಚಳಿಗಾಲ. ಹೋಗುವಾಗ ಆ ಕೌದಿಯನ್ನು ಒಯ್ದೆ, ಅವನಿಗೇ ಹೊದಿಸಿದೆ. ಮಧ್ಯಾಹ್ನ, ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಅವನ ಬೆರಳು ಅಭ್ಯಾಸದಂತೆ ಕೌದಿಯ ಅಂಚಿನಲ್ಲಿ ಗಂಟು ಹುಡುಕುತ್ತಿತ್ತು. ನನ್ನ ಗಂಡ ಬಾಗಿಲಲ್ಲಿ ನಿಂತಿದ್ದ, ಅಪ್ಪ, ಅವ್ವ, ಅಕ್ಕ ಸುತ್ತ ಕೂತಿದ್ದರು. ಅಜ್ಜ ನನ್ನ ಕಡೆ ತಿರುಗಿದ.

“ಮಾಬೂ… ಅಲ್ಲಿ ಆ ಹುಡುಗ ಸಿಕ್ರ ಏನು ಹೇಳ್ಲವ್ವಾ? ಯಾವ ಗಂಟು ಹಾಕಿದ್ದೆ ಅಂತ ಹೇಳ್ಲಿ?”

ಉತ್ತರ ಅವನ ಎದೆಯ ಮೇಲೇ ಇತ್ತು. ಕೌದಿಯ ಆ ಮೂಲೆ ಅವನ ಕೈಗೆ ಒಂದು ಗೇಣು ದೂರದಲ್ಲಿತ್ತು. ನಾನು ಹಲ್ಲಿನಿಂದ ದಾರ ಕಡಿದು ತೆಗೆದು ಅವನ ಅಂಗೈಗೆ ಇಡಬಹುದಿತ್ತು. ನೋಡುವುದೂ ಬೇಡ, ಅವನ ಬೆರಳಿಗೇ ತಿಳಿಯುತ್ತಿತ್ತು. ಆದರೆ ಎಲ್ಲರೂ ಕೇಳುತ್ತಿದ್ದರು — ಇದು ಎಲ್ಲಿಂದ ಬಂತು, ಯಾವಾಗ ಬಂತು, ಇಷ್ಟು ವರ್ಷ —

“ಮಾತಾಡಬ್ಯಾಡಜ್ಜ, ಮಲಕ್ಕೋ,” ಎಂದೆ.

ಅವನು ಹೂಂ ಎಂದ. ಎದುರು ಹೇಳುವವನಲ್ಲ. ಬಿಸಿಲು ಇಳಿಯುವ ಮೊದಲೇ ಹೋದ.

ನಮ್ಮಲ್ಲಿ ಮಣ್ಣಿಗೆ ಹೆಣ್ಣುಮಕ್ಕಳು ಹೋಗುವುದಿಲ್ಲ. ಕೌದಿ ಮಡಚಿಕೊಂಡು ಹರಪನಹಳ್ಳಿಗೆ ಬಂದೆ. ಅಂದಿನಿಂದ ಅದನ್ನು ಯಾರಿಗೂ ಹೊದೆಯಲು ಕೊಟ್ಟಿಲ್ಲ, ನಾನೇ ಹೊದೆಯುತ್ತೇನೆ. ಅಜ್ಜನ ನೆನಪಿಗೆ ಎಂದು ಮನೆಯವರೆಲ್ಲ ತಿಳಿದಿದ್ದಾರೆ, ನನ್ನನ್ನು ಹೊಗಳುತ್ತಾರೆ.

ಅಜ್ಜನಿಗೆ ಮೂಲೆ ಮುಟ್ಟಿದಾಗಲೇ ಗೊತ್ತಾಗಿರಬೇಕು, ಗೊತ್ತಿದ್ದೂ ಸುಮ್ಮನಿದ್ದನೇನೋ ಎಂದು ನಾನೇ ನನ್ನನ್ನು ಎಷ್ಟೋ ವರ್ಷ ಸಂತೈಸಿಕೊಂಡಿದ್ದೇನೆ. ಇಲ್ಲ. ಗೊತ್ತಿದ್ದರೆ ಸಾಯುವ ದಿನ ಅದನ್ನು ಕೇಳುತ್ತಿರಲಿಲ್ಲ. ಅವನಿಗೆ ಗೊತ್ತಿರಲಿಲ್ಲ.

ಹೋದ ವಾರ ಸೊಸೆ ಕೌದಿಯನ್ನು ಒಗೆಯಲು ತೆಗೆದಳು. ಮೂಲೆಯಲ್ಲಿ ಬಟ್ಟೆ ಜೀರ್ಣವಾಗಿ ಹರಿದಿತ್ತು. ಗಂಟು ಮಾತ್ರ ಹಾಗೇ ಇತ್ತು. ಒಳಗಿನದು ಹೊರಗೆ ಬಂದಿತ್ತು.

“ಇದೇನ್ರೀ ಅತ್ತಿ, ಕೌದ್ಯಾಗ?”

“ರೊಟ್ಟಿ,” ಎನ್ನಲು ಬಾಯಿ ತೆರೆದಿದ್ದೆ. ಅದೇ ಪದ, ಅದೇ ಸುಳ್ಳು, ನಾಲಿಗೆಯ ತುದಿಗೆ ತಾನಾಗಿಯೇ ಬಂದಿತ್ತು. ಕೈಗೆ ಬುದ್ಧಿ ಇರುವುದಿಲ್ಲ, ರೂಢಿ ಇರುತ್ತದೆ ಎಂದು ಅಜ್ಜ ಹೇಳುತ್ತಿದ್ದ. ನಾಲಿಗೆಯದೂ ಅದೇ ಕತೆ. ಬಾಯಿ ಮುಚ್ಚಿಕೊಂಡೆ. ಕೂರು, ಹೇಳುತ್ತೇನೆ ಎಂದೆ. ಅವಳಿಗೆ ಹೇಳಿದೆ, ಸಂಜೆ ಮಗನಿಗೆ ಹೇಳಿದೆ, ಈಗ ನಿಮಗೆ. ಮಗ ಆ ತುಂಡನ್ನು ತೆಗೆದುಕೊಂಡು ಒಂದು ಗಂಟನ್ನು ಉಗುರಿನಿಂದ ಬಿಡಿಸಲು ನೋಡಿದ, ಆಗಲಿಲ್ಲ. ಎದ್ದು ಹೊರಗೆ ಹೋದ.

ಈ ಶುಕ್ರವಾರ ಅವನು ನನ್ನನ್ನು ಕೊಟ್ಟೂರಿಗೆ ಕರೆದುಕೊಂಡು ಹೋಗುತ್ತಾನೆ. ನಾನು ಖಬರಸ್ತಾನದ ಗೋಡೆಯ ಹೊರಗೆ ನಿಲ್ಲುತ್ತೇನೆ, ಅವನು ಒಳಗೆ ಹೋಗಿ ಅಜ್ಜನ ತಲೆಯ ಕಡೆ ಆ ತುಂಡನ್ನು ಮಣ್ಣಿನಲ್ಲಿಡುತ್ತಾನೆ. ಅಲ್ಲಿಂದ ಹೊಳಲಿಗೂ ಹೋಗಬೇಕು, ಆ ಇನ್ನೊಬ್ಬ ಇಮಾಮಸಾಬನಿಗೂ ಒಂದು ಹಿಡಿ ಹೂವು ಸಲ್ಲಬೇಕು. ನಮ್ಮ ಮನೆಯ ಮಾತನ್ನು ಇಷ್ಟು ಕಾಲ ಇಟ್ಟುಕೊಂಡಿದ್ದಾನೆ. ಇದರಿಂದ ಏನೂ ಸರಿಹೋಗುವುದಿಲ್ಲ ಎಂದು ನನಗೆ ಗೊತ್ತು. ಸತ್ತವರಿಗೆ ಹೇಳಿದ್ದು ಹೇಳಿದ ಹಾಗಲ್ಲ.

ಗಂಟು ಗಟ್ಟಿ ಇತ್ತು, ಅಜ್ಜ. ಒಂದೂ ಬಿಟ್ಟಿರಲಿಲ್ಲ. ನೀನು ಸಣ್ಣ ಸಾಹೇಬನಿಗೆ ಹೇಳಿದ್ದು ನಿಜವೇ ಆಗಿತ್ತು. ಇದನ್ನು ನಿನಗೆ ಮುಟ್ಟಿಸಲು ನಾನು ದೊಡ್ಡದೇನೂ ಮಾಡಬೇಕಿರಲಿಲ್ಲ. ಬಾಗಿಲಿಗೆ ಬಂದ ಆ ಹಿರಿಯರಿಗೆ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು — “ಕುಂದರ್ರಿ, ಅಜ್ಜ ನಮಾಜಿಗೆ ಹೋಗ್ಯಾನ, ಇನ್ನೇನು ಬರ್ತಾನ.”